ಹುಲ್ಲಿನ ಛಾವಣಿಯಿಂದ ಜಾರಿದ ನಾಯಿ

ಪಾಠಗಳೆಲ್ಲ ಮುಗಿದಿದ್ದವು, ಪರೀಕ್ಷೆ ಇನ್ನೂ ದೂರವಿತ್ತು. ಇಂಗ್ಲಿಷ್ ವ್ಯಾಕರಣದ ತರಗತಿಯಲ್ಲಿ ಆ ಮಧ್ಯಾಹ್ನ ಪುಸ್ತಕ ತೆಗೆಯುವುದು ಬೇಡ, ಕೇಳಬೇಕೆಂದು ಕೇಳದೆ ಉಳಿದದ್ದನ್ನೆಲ್ಲ ಕೇಳಿಬಿಡಿ ಎಂದೆ. ಹಿಂದಿನ ಬೆಂಚಿನ ಹುಡುಗ ಕಾಯುತ್ತಲೇ ಇದ್ದನೇನೋ.

"ಮೇಡಂ, ಜೋರು ಮಳೆಗೆ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಅಂತಾರಲ್ಲ, ಇಂಗ್ಲೆಂಡಿನಲ್ಲಿ ಹಿಂದೆ ಹುಲ್ಲಿನ ಛಾವಣಿ ಮೇಲೆ ನಾಯಿ, ಬೆಕ್ಕು ಮಲಗ್ತಿದ್ವಂತೆ. ಮಳೆ ಬಂದ್ರೆ ಜಾರಿ ಕೆಳಗೆ ಬೀಳ್ತಿದ್ವಂತೆ. ನಿಜಾನಾ?"

ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನ ಹುಡುಗಿ, "ಮಳೆ ಬಂದ್ರೆ ನಾಯಿ ಮಂಚದ ಕೆಳಗೆ ನುಗ್ಗುತ್ತೆ, ಛಾವಣಿ ಮೇಲೆ ಯಾಕೆ ಇರುತ್ತೆ?" ಎಂದಳು. ವಾದ ಅಲ್ಲಿಗೇ ಮುಗಿಯಬೇಕಿತ್ತು. ಆದರೂ ಹೇಳಿದೆ. ಹದಿನಾರನೇ ಶತಮಾನದ ಬದುಕಿನ ಕುರಿತು 1999ರಲ್ಲಿ ಒಂದು ಇಮೇಲ್ ಹರಿದಾಡಿತು, ಈ ಕಥೆ ಜಗತ್ತೆಲ್ಲ ಸುತ್ತಿದ್ದು ಮುಖ್ಯವಾಗಿ ಅದರಿಂದ. ಆದರೆ ಈ ಬಗೆಯ ಮಾತು ಬರಹದಲ್ಲಿ ಸಿಗುವುದು ಹದಿನೇಳನೇ ಶತಮಾನದ ನಡುಭಾಗದಿಂದ ಈಚೆಗೆ. 1738ರಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್, ದೊಡ್ಡ ಮನೆತನದವರ ಸವಕಲು ಮಾತುಗಳನ್ನು ಗೇಲಿ ಮಾಡುವ ಸಂಭಾಷಣೆಯಲ್ಲಿ ಇದನ್ನು ಬಳಸುತ್ತಾನೆ. ಅಂದರೆ ಆಗಲೇ ಅದು ಹಳಸಿತ್ತು.

"ಹಾಗಾದ್ರೆ ನಿಜವಾದ ಕಥೆ ಯಾವುದು?"

ಖಚಿತವಾದ ಮೂಲ ಯಾರಿಗೂ ಸಿಕ್ಕಿಲ್ಲ ಎಂದಾಗ ತರಗತಿಯ ಮುಖ ಬಾಡಿತು. ‘ಪಾಶ್’ ಎಂಬ ಪದ ಹಡಗಿನ ದುಬಾರಿ ಟಿಕೆಟಿನ ಮುದ್ರೆಯಿಂದ ಬಂತು ಎಂಬ ಕಥೆಯೂ ಹೀಗೇ; ಅಂಥ ಟಿಕೆಟ್ ಒಂದೂ ಸಿಕ್ಕಿಲ್ಲ. ಪದಗಳ ಮೂಲ ಹೇಳುವ ಕಥೆ ಹೆಚ್ಚು ರುಚಿಯಾಗಿದ್ದಷ್ಟೂ ನನಗೆ ಅನುಮಾನ ಹೆಚ್ಚು. ದಾಖಲೆಯಿರುವ ಕಥೆ ಬೇಕಾದರೆ ‘ಓಕೆ’ಯದು ಇದೆ. ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ‘oll korrect’ ಎಂದು ತಪ್ಪು ಕಾಗುಣಿತದಲ್ಲಿ ಬರೆದು ಅದರ ಮೊದಲಕ್ಷರಗಳನ್ನು ಇಟ್ಟುಕೊಂಡ ತಮಾಷೆ ಅದು. 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ ಅಚ್ಚಾಗಿತ್ತು. ಮರುವರ್ಷದ ಅಮೆರಿಕದ ಚುನಾವಣೆಯಲ್ಲಿ, ಕಿಂಡರ್‌ಹುಕ್ ಊರಿನವರಾದ ಆಗಿನ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್‌ರನ್ನು ಬೆಂಬಲಿಗರು ‘ಓಲ್ಡ್ ಕಿಂಡರ್‌ಹುಕ್’ ಎಂದು ಕರೆದು ಅದೇ ಎರಡಕ್ಷರಗಳನ್ನು ಘೋಷಣೆ ಮಾಡಿಕೊಂಡರು. ಆ ಕಾಲದ ಇಂಥ ತಮಾಷೆಗಳೆಲ್ಲ ಸತ್ತವು, ಇದೊಂದು ಉಳಿಯಿತು. ಇಷ್ಟನ್ನೆಲ್ಲ 1960ರ ದಶಕದಲ್ಲಿ ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸ ಹಳೆಯ ಪತ್ರಿಕೆಗಳನ್ನು ಜಾಲಾಡಿ ತೋರಿಸಿದ. ಹುಡುಗರಿಗೆ ನಾಯಿ, ಬೆಕ್ಕೇ ಹೆಚ್ಚು ಇಷ್ಟವಾಗಿದ್ದವು, ಬಿಡಿ.

ಆಮೇಲೆ ಒಬ್ಬಳು ಕೇಳಿದ್ದು ನನಗೇ ಖುಷಿ ಕೊಟ್ಟ ಪ್ರಶ್ನೆ: ಒಬ್ಬರೇ ವ್ಯಕ್ತಿಗೆ ‘ದೇ’ (ಅವರು) ಅನ್ನಬಹುದೇ? ‘ಸಮ್‌ಒನ್ ಲೆಫ್ಟ್ ದೇರ್ ಬ್ಯಾಗ್’ ಎಂದು ಬರೆದಿದ್ದಕ್ಕೆ ಯಾರೋ ಕೆಂಪು ಗೆರೆ ಎಳೆದಿದ್ದರಂತೆ. ಈ ಬಳಕೆ ಹದಿನಾಲ್ಕನೇ ಶತಮಾನದಿಂದಲೇ ಇದೆ. ಇದು ತಪ್ಪೆಂದು ಪಂಡಿತರು ಗದರಿಸತೊಡಗಿದ್ದು ಅದಕ್ಕೂ ಎಷ್ಟೋ ತಲೆಮಾರು ಕಳೆದ ಮೇಲೆ. ಕನ್ನಡದವರಿಗೆ ಇದು ವಿಚಿತ್ರವೆನಿಸಲೇಬಾರದು. ಬಾಗಿಲು ತಟ್ಟಿ ಹೋದವರು ಗಂಡೋ ಹೆಣ್ಣೋ ಗೊತ್ತಿಲ್ಲದಾಗ "ಯಾರೋ ಬಂದಿದ್ರು" ಎಂದು ಬಹುವಚನವನ್ನೇ ಅಲ್ಲವೇ ನಾವು ಹಚ್ಚುವುದು? ಒಬ್ಬರನ್ನೇ "ನೀವು" ಎನ್ನುತ್ತೇವೆ. ಇಂಗ್ಲಿಷಿನ ‘ಯು’ ಕೂಡ ಮೂಲದಲ್ಲಿ "ನೀವು". ನಮ್ಮ "ನೀನು" ಇದ್ದ ಹಾಗೆ ಇದ್ದದ್ದು ‘ದೌ’. ಮರ್ಯಾದೆಯ ಮಾತು ಎಲ್ಲರಿಗೂ ಸಲ್ಲತೊಡಗಿ ‘ದೌ’ ಮೂಲೆ ಸೇರಿತು. ಒಬ್ಬಳೇ ಗೆಳತಿಗೆ ‘ಯು ಆರ್’ ಎನ್ನುತ್ತೇವಲ್ಲ, ಆ ‘ಆರ್’ ಹಳೆಯ ಬಹುವಚನದ ಗುರುತು.

"ವಾಕ್ಯದ ಕೊನೇಲಿ ‘ಇನ್’, ‘ಟು’ ಬರಬಾರದಂತೆ?" ಇನ್ನೊಬ್ಬ ಕೇಳಿದ. ಈ ತಕರಾರು ಇಂಗ್ಲಿಷ್ ಕವಿ ಜಾನ್ ಡ್ರೈಡನ್‌ನದು. 1672ರಲ್ಲಿ ನಾಟಕಕಾರ ಬೆನ್ ಜಾನ್ಸನ್‌ನ ಸಾಲುಗಳಲ್ಲಿ ಈ ದೋಷ ಹಿಡಿದ. ಆಮೇಲೆ ತನ್ನದೇ ಹಳೆಯ ಪ್ರಬಂಧದಲ್ಲಿದ್ದವನ್ನೂ ಹುಡುಕಿ ತಿದ್ದಿದ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಸ್ವಲ್ಪ ಮೆತ್ತಗೆ ಹೇಳಿದ್ದ: ಮಾತಿಗೆ ಇದು ಒಗ್ಗುತ್ತದೆ, ಗಂಭೀರ ಬರಹಕ್ಕೆ ಇನ್ನೊಂದು ರೀತಿಯೇ ಚೆಂದ. ನಮ್ಮ ಭಾಷೆ ಈ ಬಳಕೆಯತ್ತ ಬಹಳ ವಾಲುತ್ತದೆ ಎನ್ನುವ ಅವನ ವಾಕ್ಯವೇ ‘ಟು’ ಎಂದು ಮುಗಿಯುತ್ತದೆ!

ನಿಜ ಹೇಳಬೇಕೆಂದರೆ ನಮ್ಮ ಹುಡುಗರ ತೊಂದರೆ ತದ್ವಿರುದ್ಧ. ಕನ್ನಡದಲ್ಲಿ ವಿಭಕ್ತಿ ಪದಕ್ಕೆ ಅಂಟಿಕೊಂಡೇ ಇರುತ್ತದೆ, "ನಾನಿರುವ ಮನೆ" ಎಂದಾಗ ‘ಅಲ್ಲಿ’ ಕರಗಿಯೇ ಹೋಗುತ್ತದೆ. ಅದೇ ಅಭ್ಯಾಸದಲ್ಲಿ ‘ದಿ ಹೌಸ್ ಐ ಲಿವ್’ ಎಂದು ಬರೆದು ‘ಇನ್’ ನುಂಗಿಬಿಡುತ್ತಾರೆ. ಕೊನೆಯಲ್ಲಿ ಹಾಕಬೇಡಿ ಎಂಬ ಉಪದೇಶ ಇವರಿಗೆ ಯಾಕೆ? ಮೊದಲು ಹಾಕಲಿ.

"ಪರೀಕ್ಷೇಲಿ ಏನು ಬರೀಲಿ ಮೇಡಂ?" ಇಡೀ ಹೊತ್ತು ಸುಮ್ಮನಿದ್ದವನು ಕೇಳಿದ.

‘ದಿ ಹೌಸ್ ಇನ್ ವಿಚ್ ಐ ಲಿವ್’ ಎಂದು ಬರಿ, ಅದರಲ್ಲಿ ಯಾವ ಪರೀಕ್ಷಕರೂ ತಪ್ಪು ಹುಡುಕಲಾರರು. ಮಾತಾಡುವಾಗ ‘ಲಿವ್ ಇನ್’ ಎಂದೇ ಮುಗಿಸು ಎಂದೆ. ಅವನು ಮೊದಲಿನದನ್ನಷ್ಟೇ ಬರೆದುಕೊಂಡ.