ಎಣ್ಣೆ ಬಿಡಿಸಿದ್ದು ಎಣ್ಣೆಯೇ?

ತೀರ್ಥಹಳ್ಳಿ ಪೇಟೆಯಲ್ಲಿ ಸಿಕ್ಕವರು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು, ಎಲ್ಲರದ್ದೂ ಒಂದೇ ಪ್ರಶ್ನೆ: "ನೀನು ಆಯುರ್ವೇದ, ಯೋಗ ಎಲ್ಲ ಇರೋ ಕೇಂದ್ರದಲ್ಲಿದ್ದು ಕುಡಿತ ಬಿಟ್ಯಂತಲ್ಲ, ನಮ್ಮ ಹುಡುಗನ್ನ ಸೇರಿಸಿದ್ರೆ ಬಿಡ್ತಾನಾ?" ತಲೆಗೆ ಎಣ್ಣೆ ಸುರಿದು ಎಣ್ಣೆ ಬಿಡಿಸ್ತಾರಂತೆ ಎಂದು ನಗುವವರೂ ಇದ್ದಾರೆ.

ಮೊದಲ ವಾರ ನನ್ನನ್ನು ಉಳಿಸಿದ್ದು ಇಂಗ್ಲಿಷ್ ಔಷಧಿ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಅರ್ಧ ದಿನದೊಳಗೇ ಕೈ ನಡುಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರ್ನಾಲ್ಕನೇ ದಿನಕ್ಕೆ ಕೆಲವರಿಗೆ ಗೋಡೆ ತುಂಬ ಹುಳ ಹರಿದಂತೆ ಕಾಣುತ್ತದೆ. ಗಾಳಿ ಸೋಕಿದೆ ಅಂತ ನಮ್ಮ ಕಡೆ ಭೂತದ ಬನಕ್ಕೆ ಕರೆದೊಯ್ಯುವುದು ಇಂಥವರನ್ನೇ. ಆ ಹೊತ್ತಲ್ಲಿ ಆಸ್ಪತ್ರೆ ಸಿಗದಿದ್ದರೆ ಜೀವವೇ ಹೋದೀತು. ನನಗೆ ಗ್ಲೂಕೋಸ್‌ಗಿಂತ ಮೊದಲು ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟರು, ಮೆದುಳಿಗೆ ಪೆಟ್ಟಾಗದಿರಲಿ ಅಂತ. ಜೊತೆಗೆ ನಡುಕದ ಮಾತ್ರೆ, ದಿನದಿನಕ್ಕೆ ಕಡಿಮೆ ಮಾಡುತ್ತಾ. ಮೆದುಳಲ್ಲಿ ಹೆಂಡ ಕೈಯಾಡಿಸುವ ಜಾಗದಲ್ಲೇ ಈ ಮಾತ್ರೆಯೂ ಕೆಲಸ ಮಾಡುತ್ತದಂತೆ. ಕೇಂದ್ರದ ಆಯುರ್ವೇದ ವೈದ್ಯರು ಇದಕ್ಕೆ ನಕ್ಕು, ಚರಕಸಂಹಿತೆಯಲ್ಲಿ ಮದಾತ್ಯಯಕ್ಕೆಂದೇ, ಅಂದರೆ ಕುಡಿತದಿಂದ ಬರುವ ರೋಗಕ್ಕೆಂದೇ, ಒಂದು ಅಧ್ಯಾಯವಿದೆ, ಅಳತೆ ಮಾಡಿದ ಮದ್ಯವನ್ನೇ ಮದ್ದಾಗಿ ಕೊಡಲು ಅಲ್ಲೂ ಹೇಳಿದೆ ಅಂದರು. ಮುಳ್ಳಿನಿಂದ ಮುಳ್ಳು.

ಶಿರೋಧಾರೆ ಶುರುವಾದದ್ದು ಎರಡನೇ ವಾರ. ಹೊರಗೆ ಆರಿದ್ರಾ ಮಳೆ, ಹಣೆ ಮೇಲೆ ಉಗುರುಬೆಚ್ಚಗಿನ ಎಣ್ಣೆ. ಕುಡಿಯುವ ಆಸೆ ಅದರಿಂದ ಹೋಗಲಿಲ್ಲ, ಸುಳ್ಳು ಹೇಳಲಾರೆ. ಆದರೆ ನಿದ್ದೆ ಬಂತು. ಬೈಯದೆ ಒಬ್ಬರು ನನ್ನ ತಲೆ ಮುಟ್ಟಿದ್ದೂ ಎಷ್ಟೋ ವರ್ಷದ ಮೇಲೆ.

ಆಯುರ್ವೇದದ ಅರಿಷ್ಟಗಳನ್ನು ಮಾತ್ರ ಕೊಡಲಿಲ್ಲ. ದ್ರಾಕ್ಷಾರಿಷ್ಟ, ಅಶ್ವಗಂಧಾರಿಷ್ಟ ಎಲ್ಲ ಹುದುಗಿಸಿ ಮಾಡುವಂಥವು, ಅವುಗಳಲ್ಲೇ ಆಲ್ಕೋಹಾಲ್ ಹುಟ್ಟಿರುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ತಗೊಳ್ಳುತ್ತಿರುವವನ ಹೊಟ್ಟೆಗೆ ಅದು ಹೋದರೆ ವಾಂತಿ, ಎದೆ ಡವಡವ. ಗಂಡನಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸುವ 'ಬಿಡಿಸೋ ಪುಡಿ' ಬೇಡವೇ ಬೇಡ ಅನ್ನುವುದೂ ಅದಕ್ಕೇ. ಅದರೊಳಗೆ ಇದೇ ಮಾತ್ರೆ ಇದೆಯೋ, ಇನ್ನೇನಿದೆಯೋ ಯಾರಿಗೆ ಗೊತ್ತು.

ಹಾಗಂತ ನಾನು ಅಲ್ಲಿಂದ ಗೆದ್ದು ಬಂದವನೇನಲ್ಲ. ಅಲ್ಲಿ ಸಂಜೆ ಆರಕ್ಕೆ ಭಜನೆ. ಮನೆಯಲ್ಲಿ ಸಂಜೆ ಆರಕ್ಕೆ ಏನು? ಕೊನೆ ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹಾಕಿದ ದಿನ, ಜೇಬಲ್ಲಿ ದುಡ್ಡು ಬಿದ್ದದ್ದೇ ಮತ್ತೆ ಕುಡಿದೆ. ವಾಪಸ್ ಹೋದಾಗ ಕೌನ್ಸೆಲರ್ ಬೈಯಲಿಲ್ಲ. ಮಂಡಿಯಿಂದ ಬಸ್‌ಸ್ಟ್ಯಾಂಡಿಗೆ ಯಾವ ದಾರಿಯಲ್ಲಿ ನಡೆದೆ ಅಂತ ಕೇಳಿ, ಚೀಟಿಯಲ್ಲಿ ಬರೆಸಿದರು. ಈಗ ಮಂಡಿಗೆ ಹೆಂಡತಿಯೂ ಬರುತ್ತಾಳೆ, ದುಡ್ಡು ಖಾತೆಗೆ ಹೋಗುತ್ತದೆ, ನಾವು ಇನ್ನೊಂದು ಬೀದಿಯಲ್ಲಿ ನಡೆಯುತ್ತೇವೆ.

ಹಾಗಾಗಿ ಕೇಳಿದವರಿಗೆ ವ್ಯಸನ ಬಿಡಿಸುವ ಸಹಾಯವಾಣಿ 14446 ಬರೆದುಕೊಡುತ್ತೇನೆ. ಕೇಂದ್ರ ನೋಡಲು ಹೋಗುವವರು ಎಣ್ಣೆ ಯಾವುದು ಅಂತ ಕೇಳುವ ಮೊದಲು, ರಾತ್ರಿ ಎರಡಕ್ಕೆ ಫಿಟ್ಸ್ ಬಂದರೆ ಡಾಕ್ಟರ್ ಯಾರು, ಹುಡುಗ ಮನೆಗೆ ಬಂದ ಮೇಲೆ ಫೋನ್ ಮಾಡುವವರು ಯಾರು ಅಂತ ಕೇಳಿಬರಲಿ.