ಮೂರನೇ ದಿನದ ಸ್ಕ್ಯಾನ್ ನಾರ್ಮಲ್ ಬಂದರೂ ಆರನೇ ವಾರದ್ದು ಬಿಡಬೇಡಿ

ಪಾವಗಡ, ಶಿರಾ, ಮಧುಗಿರಿ ಕಡೆಯಿಂದ ತುಮಕೂರಿಗೆ ಬರುವ ಗರ್ಭಿಣಿಯರ ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ‘ಮಗುವಿನ ಕಿಡ್ನಿಯಲ್ಲಿ ನೀರಿದೆ’ ಎಂಬುದು ಆಗಾಗ ಸಿಗುತ್ತದೆ. ಹೆಚ್ಚಿನವು ತಾವಾಗಿಯೇ ಇಳಿಯುತ್ತವೆ. ಇಳಿಯದವು ಯಾವುವೆಂದು ಗೊತ್ತಾಗಲು ಅಳತೆ ಬೇಕು, ದಿನದ ಲೆಕ್ಕವೂ ಬೇಕು.

‘ಸ್ವಲ್ಪ ಊದಿದೆ’ ಎಂದು ಬರೆದ ವರದಿ ಮುಂದಿನವರ ಕೈಗೆ ಹೋದಾಗ ಯಾವ ಉಪಯೋಗಕ್ಕೂ ಬರದು. ಮಗುವಿನ ಬೆನ್ನುಮೂಳೆ ನೇರ ಮೇಲೆ ಇಲ್ಲವೇ ಕೆಳಗೆ ಬರುವಂತೆ ಅಡ್ಡಕ್ಕೆ ನೋಡಿ, ಕಿಡ್ನಿಯೊಳಗೆ ಮೂತ್ರ ಸೇರುವ ಚೀಲವಾದ ಪೆಲ್ವಿಸ್‌ನ ಹಿಂದು-ಮುಂದಿನ ಅಗಲವನ್ನು ಮಿ.ಮೀ.ನಲ್ಲಿ ಬರೆಯಿರಿ. ಗರ್ಭದ 28 ವಾರಕ್ಕೆ ಮೊದಲು 4, ಆಮೇಲೆ 7 ಮಿ.ಮೀ. ಮುಟ್ಟಿದರೆ ಮತ್ತೆ ನೋಡಲೇಬೇಕು. ಮೂತ್ರಕೋಶದ ಗೋಡೆ, ಗರ್ಭದ ನೀರು ಹೇಗಿವೆ ಎಂಬುದೂ ಜೊತೆಗಿರಲಿ. ಒಂದು ಕಿಡ್ನಿ ಕಾಣದಿದ್ದರೆ ‘ಇಲ್ಲ’ ಎನ್ನುವ ಮುನ್ನ ಕಿಬ್ಬೊಟ್ಟೆಯನ್ನೂ ಎದುರು ಬದಿಯನ್ನೂ ಹುಡುಕಿ. ಖಾಲಿ ಜಾಗದಲ್ಲಿ, ಕಿಡ್ನಿಯ ನೆತ್ತಿಯ ಮೇಲಿರಬೇಕಾದ ಅಡ್ರಿನಲ್ ಗ್ರಂಥಿ ಉದ್ದಕ್ಕೆ ಮಲಗಿ ಕಿಡ್ನಿಯ ಹಾಗೆಯೇ ತೋರುವುದುಂಟು.

ಹೆಚ್ಚು ತಪ್ಪುವುದು ಹೆರಿಗೆಯ ನಂತರ. ಮೊದಲ 48 ಗಂಟೆ ಮಗುವಿಗೆ ಮೂತ್ರ ಕಡಿಮೆ. ಊತ ಕುಗ್ಗಿ, ಸ್ಕ್ಯಾನ್ ಸುಳ್ಳೇ ನಾರ್ಮಲ್ ಬರುತ್ತದೆ. ಹಾಗಾಗಿ ಮೊದಲ ಸ್ಕ್ಯಾನ್ ಮೂರನೇ ದಿನದಿಂದ ಏಳನೇ ದಿನದೊಳಗೆ ಮಾಡಿಸಿ. ಎರಡೂ ಕಡೆ ಜೋರಾಗಿ ಊದಿದ್ದರೆ, ಇರುವ ಒಂದೇ ಕಿಡ್ನಿ ಊದಿದ್ದರೆ, ಗರ್ಭದ ನೀರು ಕಡಿಮೆಯಿದ್ದರೆ, ಗಂಡು ಮಗುವಿಗೆ ಮೂತ್ರದ ಧಾರೆ ಸರಿಯಿಲ್ಲದಿದ್ದರೆ ಮಾತ್ರ ಕಾಯುವ ಹಾಗಿಲ್ಲ, ಅಂದೇ ನೋಡಬೇಕು.

ಎರಡನೇ ಸ್ಕ್ಯಾನ್ 4ರಿಂದ 6 ವಾರಕ್ಕೆ. ಅಷ್ಟರಲ್ಲಿ ತಾಯಿ ಬಾಣಂತನಕ್ಕೆ ತವರು ಸೇರಿರುತ್ತಾಳೆ, ಹಸುಗೂಸನ್ನು ಹೊರಗೆ ಕಳಿಸಲು ಅಜ್ಜಿ ಒಪ್ಪುವುದಿಲ್ಲ. ಆ ಭಯ ಸಹಜವೇ. ಅದಕ್ಕೇ ಡಿಸ್ಚಾರ್ಜ್ ದಿನವೇ ಅಜ್ಜಿಯನ್ನೂ ಕೂರಿಸಿಕೊಂಡು ಹೇಳಿ, ತಾಯಿ ಕಾರ್ಡಿನಲ್ಲಿ ತಾರೀಖು ಬರೆದು, ತವರೂರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. ಆರನೇ ವಾರದ ಚುಚ್ಚುಮದ್ದಿನ ಜೊತೆ ಸೇರಿಸಿದರೆ ಒಂದೇ ಓಡಾಟದಲ್ಲಿ ಮುಗಿಯುತ್ತದೆ.

ಮೂತ್ರ ಮೂತ್ರಕೋಶದಿಂದ ಕಿಡ್ನಿಯತ್ತ ಹಿಂದಕ್ಕೆ ಹರಿಯುವ ಅನುಮಾನವಿದ್ದರೆ ಎಂಸಿಯು, ಅಂದರೆ ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು ಮೂತ್ರಕೋಶಕ್ಕೆ ತುಂಬಿ ಚಿತ್ರ ತೆಗೆಯುವ ಪರೀಕ್ಷೆ. ಮೊದಲು, ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಮೂತ್ರದ ಕಲ್ಚರ್‌ನಲ್ಲಿ ಸೋಂಕಿಲ್ಲ ಎಂದು ಖಾತ್ರಿಯಾಗಬೇಕು. ದ್ರವ ತುಂಬಲು 5 ಅಥವಾ 6 ಫ್ರೆಂಚ್ (ನಳಿಕೆಯ ದಪ್ಪದ ಅಳತೆ) ಫೀಡಿಂಗ್ ಟ್ಯೂಬ್ ಸಾಕು. ತುದಿಯಲ್ಲಿ ಬಲೂನಿರುವ ಫೋಲಿ ನಳಿಕೆ ಹಾಕಿದರೆ ಆ ಬಲೂನು ಮೂತ್ರಕೋಶದ ಬಾಯಿ ಮುಚ್ಚಿ ಚಿತ್ರ ಕೆಡಿಸುತ್ತದೆ. ಕೂಸಿನ ತೂಕದ ಪ್ರತಿ ಕೆಜಿಗೆ ಸುಮಾರು 7 ಮಿ.ಲೀ.ನಂತೆ ಆ ದ್ರವ ತುಂಬಿಸಿ. ಗಂಡು ಮಗುವನ್ನು ಓರೆಯಾಗಿ ಮಲಗಿಸಿ, ಮೂತ್ರ ಮಾಡುತ್ತಿರುವಾಗಲೇ ಚಿತ್ರ ತೆಗೆಯದಿದ್ದರೆ ಮೂತ್ರ ಹೊರಹೋಗುವ ನಾಳಕ್ಕೆ ಅಡ್ಡವಾಗುವ ಕವಾಟದ ತೊಂದರೆ ಸಿಗುವುದೇ ಇಲ್ಲ.

ಸೋಂಕಾದ ಕಿಡ್ನಿಯಲ್ಲಿ ಕಲೆ ಉಳಿದಿದೆಯೇ ಎಂದು ನೋಡುವ ಡಿಎಂಎಸ್ಎ ಸ್ಕ್ಯಾನ್‌ಗೆ ಸೋಂಕಿನ ನಂತರ 4ರಿಂದ 6 ತಿಂಗಳು ಬಿಡಬೇಕು. ಬೇಗ ಮಾಡಿದರೆ ಹಸಿ ಬಾವೂ ಕಲೆಯಂತೆಯೇ ಕಾಣುತ್ತದೆ.

ಈ ನಡುವೆ ಮಗುವಿಗೆ ಕಾರಣ ಕಾಣದ ಜ್ವರ ಬಂದರೆ ಸ್ಕ್ಯಾನ್ ತಾರೀಖಿಗೆ ಕಾಯಬೇಡಿ. ಆಂಟಿಬಯಾಟಿಕ್ ಶುರುಮಾಡುವ ಮೊದಲೇ ಮೂತ್ರವನ್ನು ಕಲ್ಚರ್‌ಗೆ ಕಳಿಸಿ.