ತತ್ವದ ನಡುವೆ ಸಂಸ್ಕೃತಿ ಯಾಕೆ?

"ಸರ್, ತತ್ವ ಅಂದ್ರ ಎಲ್ಲಾ ಕಡಿ ಒಂದೇ ಅಲ್ಲೇನ್ರಿ? ನಡುವ ಸಂಸ್ಕೃತಿ ಯಾಕ್ರಿ?" ಕಲಬುರಗಿಯಲ್ಲಿ ಸಮಾಜಶಾಸ್ತ್ರ ಪಾಠ ಮಾಡುವ ನಾನು, ಜನರ ನಡವಳಿಕೆಯ ಬಗ್ಗೆ ತತ್ವ ಹೇಳಬೇಕಾದರೆ ಅವರ ಸಂಸ್ಕೃತಿ ತಿಳಿದಿರಬೇಕು ಅಂದಾಗೆಲ್ಲ ಹುಡುಗರು ಹೀಗೆ ಕೇಳುತ್ತಲೇ ಇರುತ್ತಾರೆ. ವಿಜ್ಞಾನ ವಿಭಾಗದ ಗೆಳೆಯರು ಇನ್ನೂ ಜಾಸ್ತಿ ಕೇಳುತ್ತಾರೆ.

ಉತ್ತರಕ್ಕೆ ನಾನು ಬೀದರ್ ಪಕ್ಕದ ಅಷ್ಟೂರಿಗೆ ಹೋಗುತ್ತೇನೆ. ಅಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹನ ಗೋರಿ ಇದೆ. ಅವನು ತೀರಿಕೊಂಡದ್ದು 1436ರಲ್ಲಿ. ಮುಸ್ಲಿಮರಿಗೆ ಅವನು ವಲಿ, ಅಂದರೆ ಸಂತ; ಅನೇಕ ಹಿಂದೂಗಳಿಗೆ ಅಲ್ಲಮಪ್ರಭುವಿನ ಅವತಾರ. ಉರುಸಿಗೆ ನಮ್ಮ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಲಿಂಗಾಯತರ ಗುರುಗಳಾದ ಜಂಗಮರೊಬ್ಬರು ಜನರನ್ನು ಕಟ್ಟಿಕೊಂಡು ಬರುತ್ತಾರೆ.

ಗೋರಿಯ ಗಾರೆಯಲ್ಲಿ ಏನೇನಿದೆ ಅಂತ ಯಾವ ದೇಶದ ಲ್ಯಾಬ್ ಬೇಕಾದರೂ ಹೇಳೀತು. ಆದರೆ ಜಂಗಮರು ಸುಲ್ತಾನನಿಗೆ ಕೈ ಮುಗಿಯುವುದು ಏನು? ಭಕ್ತಿಯೋ, ಹರಕೆಯೋ, ಹಿರಿಯರು ಹಾಕಿಕೊಟ್ಟ ಕಟ್ಟಳೆಯೋ? ಕ್ಯಾಮೆರಾಗೆ ಕಾಣುವುದು ಕೈ ಮಾತ್ರ. ಜಂಗಮ ಯಾರು, ವಲಿ ಯಾರು, ಉರುಸು ಯಾಕೆ ಅಂತ ಗೊತ್ತಿಲ್ಲದಿದ್ದರೆ ಅಲ್ಲಿ ನಡೆದದ್ದಕ್ಕೆ ಹೆಸರಿಡಲೂ ಆಗುವುದಿಲ್ಲ.

ಜರ್ಮನಿಯ ತತ್ವಜ್ಞಾನಿ ವಿಲ್ಹೆಲ್ಮ್ ಡಿಲ್ಥೈ 1883ರಲ್ಲೇ ಇತಿಹಾಸ, ಸಮಾಜಶಾಸ್ತ್ರದಂಥ ಮಾನವ ವಿಜ್ಞಾನಗಳಿಗೆ ಬೇರೆಯದೇ ಬುನಾದಿ ಬೇಕು ಅಂತ ವಾದ ಹೂಡಿದ. ನಿಸರ್ಗಕ್ಕೆ ಕಾರಣ ಹುಡುಕುತ್ತೇವೆ, ಮನುಷ್ಯರ ಬದುಕನ್ನು ಒಳಗಿನಿಂದ ಅರ್ಥ ಮಾಡಿಕೊಳ್ಳುತ್ತೇವೆ ಅನ್ನುವುದು ಅವನ ನಿಲುವು. 1958ರಲ್ಲಿ ಬ್ರಿಟನ್ನಿನ ತತ್ವಜ್ಞಾನಿ ಪೀಟರ್ ವಿಂಚ್ ಇದೇ ಜಾಡಿನಲ್ಲಿ, ಜನ ಪಾಲಿಸುವ ನಿಯಮ ತಿಳಿಯದೆ ಅವರ ನಡವಳಿಕೆ ತಿಳಿಯದು ಅಂದ. 1960ರಲ್ಲಿ ಜರ್ಮನಿಯ ಇನ್ನೊಬ್ಬ ತತ್ವಜ್ಞಾನಿ ಗಾಡಮರ್ ಕನ್ನಡಿಯನ್ನು ನಮ್ಮ ಕಡೆಗೇ ತಿರುಗಿಸಿದ. ನೋಡುವವರೂ ತಮ್ಮ ಪೂರ್ವಗ್ರಹ ಹೊತ್ತೇ ಬರುತ್ತಾರೆ ಅಂದ.

ನನಗೆ ಹೆಚ್ಚು ಹಿಡಿಸುವುದು ಇವನೇ. "ಇದು ಹಿಂದೂ ಜಾತ್ರೆಯೋ, ಮುಸ್ಲಿಂ ಉರುಸೋ?" ಅಂತ ಫಾರಂ ಹಿಡಿದು ಕೇಳಿದರೆ, ಆ ಎರಡು ಖಾನೆಗಳು ಅಷ್ಟೂರಿನವಲ್ಲ. ಕೇಳುವವರ ಜೊತೆ ಬಂದವು. ಟಿಕ್ ಹಾಕಿಸಿಕೊಂಡು ಹೋದವರಿಗೆ ಅಂಕಿ ಸಿಗುತ್ತದೆ, ಜಾತ್ರೆ ಸಿಗುವುದಿಲ್ಲ.

ಹಾಗಾದರೆ ಹೊರಗಿನವರಿಗೆ ಏನೂ ತಿಳಿಯಲ್ವಾ? ತಿಳಿಯುತ್ತದೆ. ಕೂತು ಕೇಳಬೇಕು, ತಪ್ಪಿದಲ್ಲಿ ಜನರೇ ತಿದ್ದುತ್ತಾರೆ. ಊರವರಾದ ಮಾತ್ರಕ್ಕೆ ಎಲ್ಲ ತಿಳಿದಿರುತ್ತದೆ ಅಂತಲೂ ಇಲ್ಲ. "ನಮ್ಮ ಸಂಸ್ಕೃತಿ" ಅಂತ ಯಾರಾದರೂ ಶುರುಮಾಡಿದರೆ ನನಗೆ ಸುಮ್ನೆ ಅನುಮಾನ. ಯಾವ ಜಾತ್ರೆಯಲ್ಲೇ ಆಗಲಿ, ಮುಂದೆ ನಡೆಯುವವರು ಹೇಳುವ ಅರ್ಥವೇ ಹಲಗೆ ಬಾರಿಸುವವರದೂ ಆಗಿರಬೇಕಿಲ್ಲ. ಇಬ್ಬರನ್ನೂ ಕೇಳಬೇಕು.

ಇನ್ನು ತತ್ವ ಎಲ್ಲ ಕಡೆ ಒಂದೇನಾ? ಭಕ್ತಿ ಅಂದರೇನು ಅನ್ನುವ ಪ್ರಶ್ನೆ ಎಲ್ಲ ಕಡೆ ಇರಬಹುದು. ಆದರೆ ಒಬ್ಬ ಭಕ್ತನಿಗೆ ಒಂದೇ ಧರ್ಮ ಅಂತ ಮೊದಲೇ ಹಿಡಿದುಕೊಂಡು ವ್ಯಾಖ್ಯೆ ಬರೆದರೆ, ಅಷ್ಟೂರಿಗೆ ಬರುವ ಈ ಜನ ಅದರೊಳಗೆ ಹಿಡಿಸುವುದಿಲ್ಲ. ಆ ವ್ಯಾಖ್ಯೆಯನ್ನು ಮತ್ತೆ ಬರೆಯಲೇಬೇಕಾಗುತ್ತದೆ.